‘ಗಿವ್ ಅಪ್’ ಮತ್ತು ನಮ್ಮ ‘ಬುಡು’

ಇಂಗ್ಲಿಷ್ ಕಲಿಯುವ ವಿದ್ಯಾರ್ಥಿಯನ್ನು ಆ ಭಾಷೆಯ ದೊಡ್ಡ ಶಬ್ದಗಳಿಗಿಂತ ಸಣ್ಣ ಶಬ್ದಗಳೇ ಹೆಚ್ಚಾಗಿ ಕಾಡುವುವು. ‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ. ಇವೆರಡೂ ಕೂಡಿದಾಗ ‘ಬಿಟ್ಟುಬಿಡು’ ಎಂಬ ಅರ್ಥ ಬಂದುದಾದರೂ ಹೇಗೆ? ಇಂಥ ಕ್ರಿಯಾಪದಗಳು ಪರದೇಶದವರಿಗೆ ಬಲು ತೊಡಕೆಂದು ಡಾಕ್ಟರ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿಯೇ ಒಪ್ಪಿಕೊಂಡಿದ್ದಾನೆ. ಇವುಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಬಳಕೆಗೆ ಬಂದದ್ದು ಲೋಗನ್ ಪಿಯರ್ಸಲ್ ಸ್ಮಿತ್ 1925ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ.

‘ಗಿವ್ ಅಪ್’ನ ಹಳೆಯ ಅರ್ಥ ಒಪ್ಪಿಸುವುದು, ವಶಕ್ಕೆ ಕೊಡುವುದು. ಸೋತವನು ಗೆದ್ದವನಿಗೆ ಕೋಟೆಯನ್ನು ಒಪ್ಪಿಸಿದರೆ ಅದು ‘ಗಿವ್ ಅಪ್’. ಒಪ್ಪಿಸಿದ ವಸ್ತುವಿನ ಮೇಲೆ ಹಕ್ಕು ಉಳಿಯದು. ಆದುದರಿಂದ ಆಸೆಯನ್ನೋ ಅಭ್ಯಾಸವನ್ನೋ ಪ್ರಯತ್ನವನ್ನೋ ತೊರೆಯುವುದಕ್ಕೂ ಆ ಮಾತೇ ಸಂದಿತು. ‘ಅಪ್’ ಎಂಬುದೂ ಎಷ್ಟೋ ಕಡೆ ಮೇಲಣ ದಿಕ್ಕನ್ನು ಮರೆತು ಪೂರ್ಣತೆಯನ್ನು ಸೂಚಿಸುತ್ತದೆ. ‘ಈಟ್ ಅಪ್’ ಎಂದರೆ ತಟ್ಟೆ ಬರಿದಾಗುವಂತೆ ತಿನ್ನುವುದು. ‘ಡ್ರೈ ಅಪ್’ ಎಂದರೆ ಪೂರ್ತಿಯಾಗಿ ಒಣಗುವುದು.

ಈ ಪರಿ ನಮಗೆ ಅಪರಿಚಿತವೇ? ಚಾಮರಾಜನಗರ, ಗುಂಡ್ಲುಪೇಟೆಗಳ ಆಡುಮಾತಿನಲ್ಲಿ ‘ಬಿಡು’ ಎಂಬುದು ‘ಬುಡು’ ಆಗುತ್ತದೆ. ತುಟಿಯಲ್ಲಿ ಹುಟ್ಟುವ ಬಕಾರ ತನ್ನೊಡನಿರುವ ಇಕಾರವನ್ನು ಉಕಾರಕ್ಕೆ ಎಳೆದಿದೆ. ಶಾಲೆ ತೊರೆದ ಹುಡುಗನನ್ನು ಕುರಿತು ಅಲ್ಲಿಯವರು ‘ಇಸ್ಕೂಲು ಬುಟ್ಬುಟ್ಟ’ ಎನ್ನುತ್ತಾರೆ. ಮೊದಲನೆಯ ‘ಬುಡು’ ತೊರೆಯುವ ಕ್ರಿಯೆ. ಎರಡನೆಯದು ಆ ಕ್ರಿಯೆ ಮುಗಿದೇ ಹೋಯಿತೆಂಬ ಮುದ್ರೆ. ‘ತಿಂದ್ಬುಡು’ ಎಂಬಲ್ಲಿ ‘ಬುಡು’ ಮಾಡುವ ಕೆಲಸವನ್ನೇ ‘ಈಟ್ ಅಪ್’ನಲ್ಲಿ ‘ಅಪ್’ ಮಾಡುತ್ತದೆ. ಅವರದು ಅವ್ಯಯ, ನಮ್ಮದು ಕ್ರಿಯಾಪದ, ಇಷ್ಟೇ ಭೇದ. ಬಂಡೀಪುರದ ಕಾಡು ದಾಟಿ ನೀಲಗಿರಿಯ ಕಡೆಗೆ ಹೋದರೆ ತಮಿಳಿನಲ್ಲಿಯೂ ಇದೇ ಧಾತು ‘ವಿಡು’ ಎಂಬ ರೂಪದಲ್ಲಿ ಇದೇ ಕೆಲಸವನ್ನು ಮಾಡುತ್ತದೆ. ಪದಾದಿಯ ವಕಾರ ಕನ್ನಡದಲ್ಲಿ ಬಕಾರವಾಗಿದೆ.

ನಮ್ಮ ‘ಬಿಡು’ವಿನ ಹರಹು ‘ಗಿವ್ ಅಪ್’ಗಿಂತ ದೊಡ್ಡದು. ಕೈಬಿಟ್ಟವನು ತೊರೆಯುತ್ತಾನೆ; ಬಾಯಿಬಿಟ್ಟವನು ಗುಟ್ಟು ಹೇಳುತ್ತಾನೆ; ಗಿಡ ಹೂ ಬಿಡುತ್ತದೆ, ಬೇರು ಬಿಡುತ್ತದೆ. ಬೇರು ಬಿಟ್ಟದ್ದು ನೆಲವನ್ನು ಬಿಡುವುದಿಲ್ಲ! ‘ಓದು ಬಿಟ್ಟ’ ಎಂದರೆ ವಿದ್ಯೆ ಅರ್ಧಕ್ಕೆ ನಿಂತಿತು. ‘ಓದಿಬಿಟ್ಟ’ ಎಂದರೆ ಓದು ಪೂರ್ತಿಯಾಯಿತು. ಸೋಲಿಗೂ ಗೆಲುವಿಗೂ ನಡುವೆ ಇರುವುದು ಒಂದೇ ಸ್ವರದ ಅಂತರ.

ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಇಂಗ್ಲಿಷ್ ಕ್ರಿಯಾಪದಗಳ ಉದ್ದನೆಯ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಮುನ್ನ ಮಕ್ಕಳ ಮನೆಮಾತಿನ ‘ಬುಡು’ವನ್ನು ತರಗತಿಯೊಳಕ್ಕೆ ಬರಗೊಡಬೇಕು. ತಾನು ದಿನವೂ ಆಡುವ ಮಾತಿನಲ್ಲಿಯೇ ಈ ಮರ್ಮ ಅಡಗಿದೆಯೆಂದು ತಿಳಿದ ಮಗುವಿಗೆ ಇಂಗ್ಲಿಷಿನ ಭಯ ಅರ್ಧ ಕಳೆಯುತ್ತದೆ. ಈ ಸೀಮೆಯ ಆಡುನುಡಿಗೆ ಸಾಹಿತ್ಯದ ಶಕ್ತಿ ಎಷ್ಟಿದೆಯೆಂಬುದನ್ನು ದೇವನೂರ ಮಹಾದೇವರ ‘ಕುಸುಮಬಾಲೆ’ ಆಗಲೇ ತೋರಿಸಿಕೊಟ್ಟಿದೆ. ಅದನ್ನು ಅಶುದ್ಧವೆಂದು ಹಳಿದು ಮಗುವಿನ ಬಾಯಿ ಮುಚ್ಚಿಸಿದೆವಾದರೆ, ಅದು ಮೊದಲು ‘ಗಿವ್ ಅಪ್’ ಮಾಡುವುದು ತನ್ನ ನುಡಿಯನ್ನೇ; ಶಾಲೆಯನ್ನು ಬಿಡುವುದು ಆಮೇಲಿನ ಮಾತು.