ಮೇಲ್‌ನಲ್ಲಿ ಕನ್ನಡ ಕೆಡುವುದು ಎಲ್ಲಿ?

ಮೆಟ್ಟೂರಿನ ಸುತ್ತಮುತ್ತ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎಂಬ ಕುಟುಂಬಗಳಿವೆ. ಪಾಲಾರ್ ದಾಟಿದರೆ ಮಲೆ ಮಹದೇಶ್ವರ ಬೆಟ್ಟ; ನೆಂಟರು ಚಾಮರಾಜನಗರದಲ್ಲಿ, ಬೆಂಗಳೂರಿನಲ್ಲಿ. ಅಲ್ಲಿನ ಡಿಟಿಪಿ ಅಂಗಡಿಯಲ್ಲಿ ಬೆರಳಚ್ಚಾದ ಲಗ್ನಪತ್ರಿಕೆಯ ಒಕ್ಕಣೆಯನ್ನು ಕಾಪಿ ಮಾಡಿ ಮೇಲ್‌ನಲ್ಲಿ ಕಳಿಸಿದರೆ, ಇಲ್ಲಿ ತೆರೆದಾಗ ಕಾಣುವುದು ಇಂಗ್ಲಿಷ್ ಅಕ್ಷರಗಳ ಗೋಜಲು. “ನಮ್ಮ ಕಂಪ್ಯೂಟರ್‌ಗೆ ತಮಿಳಷ್ಟೇ ಬರೋದು, ಕನ್ನಡ ಬರಲ್ಲ” ಎಂದು ಎಷ್ಟೋ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ.

ತಪ್ಪು ಆ ಕಂಪ್ಯೂಟರ್‌ನದಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಎಂಬ ಕನ್ನಡ ಫಾಂಟ್ ಇತ್ತು. ಕೆಟ್ಟಿರುವುದು ಮೂಲದಲ್ಲಿ.

‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದಾಗ ಕಡತದಲ್ಲಿ ಕನ್ನಡದ ಒಂದಕ್ಷರವೂ ಉಳಿಯುವುದಿಲ್ಲ. ‘ಕ’ ಇರಬೇಕಾದಲ್ಲಿ ಇಂಗ್ಲಿಷಿನ ದೊಡ್ಡ ‘ಪಿ’, ಅದರ ಪಕ್ಕ ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’. ‘ನ’ದ ಜಾಗದಲ್ಲಿ ಬ್ರಿಟನ್ನಿನ ಪೌಂಡ್ ಚಿಹ್ನೆ, ಒತ್ತಕ್ಷರಕ್ಕೆ ಒಂದು ಜರ್ಮನ್ ಅಕ್ಷರ. ಫಾಂಟ್ ಇವುಗಳಿಗೆ ಕನ್ನಡದ ಆಕಾರ ತೊಡಿಸಿರುತ್ತದೆ, ಅಷ್ಟೇ. ಮೇಲ್‌ಗೆ ಬಂದಾಗ ಆ ವೇಷ ಕಳಚುತ್ತದೆ. ಯುನಿಕೋಡ್‌ನಲ್ಲಾದರೆ ‘ಕ’ಕ್ಕೆ ತನ್ನದೇ ಸಂಖ್ಯೆಯಿದೆ, ಯಾವ ಫಾಂಟ್ ಹಾಕಿದರೂ ಅದು ‘ಕ’ವೇ.

‘ಹಾಗಾದರೆ ಆ ಫಾಂಟನ್ನೇ ಹಾಕಿಕೊಂಡರಾಯಿತು’ ಎನ್ನುವವರಿದ್ದಾರೆ. ಆಗ ಓದಲು ಬರಬಹುದು, ಆದರೆ ಮೇಲ್‌ನಲ್ಲಿ ‘ಮೆಟ್ಟೂರು’ ಎಂದು ಹುಡುಕಿದರೆ ಸಿಗದು, ಮೊಬೈಲ್‌ನಲ್ಲಿ ತೆರೆದರೆ ಮತ್ತೆ ಅದೇ ಗೋಜಲು. ಪರಿವರ್ತಕದಿಂದ ಪಠ್ಯವನ್ನು ಯುನಿಕೋಡ್‌ಗೆ ತಿರುಗಿಸುವುದೇ ಸರಿಯಾದ ದಾರಿ. ಒಂದು ಎಚ್ಚರ ಬೇಕು: ನಡುವೆ ಇಂಗ್ಲಿಷ್ ಹೆಸರು, ಮೇಲ್ ವಿಳಾಸ ಇದ್ದರೆ ಪರಿವರ್ತಕ ಅವನ್ನೂ ನುಡಿಯ ಅಕ್ಷರಗಳೆಂದೇ ತಿಳಿದು ಅರ್ಥವಿಲ್ಲದ ಕನ್ನಡ ಮಾಡಿಬಿಡಬಹುದು. ಅವನ್ನು ಬೇರೆಯಾಗಿ ಸೇರಿಸುವುದು ಕ್ಷೇಮ.

ಅಕ್ಷರ ಸರಿಯಿದ್ದೂ ಗಾತ್ರ, ಬಣ್ಣ, ಸಾಲಿನ ಅಂತರ ಎಡವಟ್ಟಾದರೆ ಅದು ಬೇರೆಯೇ ರೋಗ. ಕಾಪಿ ಮಾಡಿದಾಗ ಅಕ್ಷರದ ಜೊತೆ ಹಳೆಯ ಮೇಲ್‌ನ ಅಲಂಕಾರವೂ ಬರುತ್ತದೆ. ಜಿಮೇಲ್‌ನಲ್ಲಿ ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒಟ್ಟಿಗೆ ಒತ್ತಿ ಅಂಟಿಸಿದರೆ ಬರಿಯ ಅಕ್ಷರ ಮಾತ್ರ ಬರುತ್ತದೆ.

ಇದನ್ನೇ ಎಲ್ಲದಕ್ಕೂ ಮದ್ದು ಎಂದುಕೊಳ್ಳುವುದೂ ತಪ್ಪು. ಮೆಟ್ಟೂರು ಅಣೆಕಟ್ಟೆಯ ಪೂರ್ಣಮಟ್ಟ 120 ಅಡಿ, ಸಾಮರ್ಥ್ಯ 93.47 ಟಿಎಂಸಿ ಎಂಬಂಥ ಅಂಕಿಗಳು ಕೋಷ್ಟಕದಲ್ಲಿದ್ದರೆ, ಹಾಗೆ ಅಂಟಿಸಿದಾಗ ಗೆರೆಗಳು ಮಾಯವಾಗಿ ಯಾವ ಅಂಕಿ ಯಾವುದರದ್ದೆಂದೇ ತಿಳಿಯದಾಗುತ್ತದೆ. ಕೋಷ್ಟಕವನ್ನು ಕಡತವಾಗಿ ಲಗತ್ತಿಸುವುದು ಮೇಲು.

ಯುನಿಕೋಡ್‌ನಲ್ಲಿ ಬರೆದದ್ದು ಎಂದಿಗೂ ಕೆಡದು ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ‘ಡ್ಯಾಮ್‌ನಲ್ಲಿ’ ಎಂಬುದರಲ್ಲಿ ‘ಮ್’ ಮತ್ತು ‘ನ’ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದಿದೆ. ಎರಡೂ ಕೂಡಿ ಒತ್ತಕ್ಷರವಾಗದಂತೆ ತಡೆಯುವುದು ಅದರ ಕೆಲಸ. ಕೆಲವು ತಂತ್ರಾಂಶಗಳು ಅದನ್ನು ಕಸವೆಂದು ಗುಡಿಸಿಹಾಕುತ್ತವೆ. ಆಗ ಅದೇ ಪದ ‘ಡ್ಯಾಮ್ನಲ್ಲಿ’ ಆಗುತ್ತದೆ, ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗುತ್ತದೆ. ಲಗ್ನಪತ್ರಿಕೆಯಲ್ಲಿ ವಧೂವರರ ಹೆಸರೇ ಹೀಗೆ ಕೆಡಬಹುದು. ಹಾಗಾಗಿ ಅಚ್ಚಿಗೆ ಕೊಡುವ ಮುನ್ನ ಹೆಸರುಗಳನ್ನು ಮೂಲ ಪ್ರತಿಯ ಪಕ್ಕದಲ್ಲಿಟ್ಟು ಒಂದೊಂದಾಗಿ ಓದಿಕೊಳ್ಳಬೇಕು. ಎಡಿಟರ್‌ನ ಕಾಗುಣಿತ ತಪಾಸಣೆ ಈ ತಪ್ಪನ್ನು ಹಿಡಿಯುತ್ತದೆಂಬ ಭರವಸೆಯಿಲ್ಲ.