ಮೇವು ಬಿಟ್ಟ ಕುದುರೆ: ನನ್ನಿವಾಳದಲ್ಲೊಂದು ಹಂಗೇರಿ ಸಿನಿಮಾ

‘ಫಿಲ್ಮ್ ಫೆಸ್ಟಿವಲ್ ಸಿನಿಮಾನಾ? ನಿದ್ದೆ ಬರುತ್ತೆ ಗುರು!’ ಆಫೀಸಿನಲ್ಲಿ ಹಂಗೇರಿ ಚಿತ್ರದ ಮಾತೆತ್ತಿದರೆ ಸಿಗುವ ಉತ್ತರ ಇದು. ಕಪ್ಪು ಬಿಳುಪು, ಹಾಡಿಲ್ಲ, ಫೈಟಿಲ್ಲ, ಮಾತೂ ಕಡಿಮೆ. ಎಲ್ಲಾ ನಿಜ. ಆದರೆ ಇಂಥ ಸಿನಿಮಾ ಅರ್ಥವಾಗೋಕೆ ದೊಡ್ಡ ಓದು ಬೇಕು ಅನ್ನೋದನ್ನ ಮಾತ್ರ ನಾನು ಒಪ್ಪಲ್ಲ. ಕಾರಣ, ನಮ್ಮಪ್ಪ.

ಬೇಲಾ ತಾರ್ ಅವರ ‘ದಿ ಟ್ಯೂರಿನ್ ಹಾರ್ಸ್’ 2011ರ ಬರ್ಲಿನ್ ಚಿತ್ರೋತ್ಸವದಲ್ಲಿ ಜ್ಯೂರಿಯ ಬೆಳ್ಳಿ ಕರಡಿ ಪ್ರಶಸ್ತಿ ಗೆದ್ದ ಚಿತ್ರ. ಚಿತ್ರಕಥೆಗೆ ಜೊತೆಯಾದ ಲಾಸ್ಲೊ ಕ್ರಾಸ್ನಹೊರ್ಕೈ ಅವರಿಗೆ 2025ರ ಸಾಹಿತ್ಯ ನೊಬೆಲ್ ಬಂದಿದೆ. ಸುಮಾರು ಎರಡೂವರೆ ಗಂಟೆಯ ಚಿತ್ರದಲ್ಲಿ ಇರೋದು 30 ಶಾಟ್ ಅಷ್ಟೇ. ಬಯಲಲ್ಲಿ ಒಂಟಿ ಮನೆ. ಒಂದು ಕೈ ಬಿದ್ದುಹೋದ ಅಪ್ಪ, ಮಗಳು, ಒಂದು ಕುದುರೆ. ಊಟಕ್ಕೆ ದಿನಾ ಬೇಯಿಸಿದ ಆಲೂಗಡ್ಡೆ, ಉಪ್ಪು. ಹೊರಗೆ ನಿಲ್ಲದ ಗಾಳಿ. ಕುದುರೆ ಮೊದಲು ಗಾಡಿ ಎಳೆಯಲ್ಲ, ಆಮೇಲೆ ಮೇವು ಮುಟ್ಟಲ್ಲ. ಬಾವಿ ಬತ್ತುತ್ತೆ. ಆರು ದಿನದ ಕಥೆ ಇಷ್ಟೇ.

ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಇದನ್ನು ನೋಡ್ತಿದ್ದೆ. ‘ಕುದುರೆ ಸಿನಿಮಾನಾ?’ ಅಂತ ಅಪ್ಪ ಪಕ್ಕ ಕೂತರು. ಇಂಗ್ಲಿಷ್ ಸಬ್‌ಟೈಟಲ್ ಅವರಿಗೆ ಬೇಕಾಗಲೇ ಇಲ್ಲ. ಮಗಳು ಲಾಯದ ಬಾಗಿಲು ತೆರೆದ ಕೂಡಲೇ, ‘ಕಣ್ಣು ನೋಡು, ಅದಿನ್ನು ಎಳಿಯಲ್ಲ ಬಿಡು’ ಅಂದರು. ನನಗೆ ಆ ಕುದುರೆ ಏನೋ ಒಂದು ಸಂಕೇತ. ಅವರಿಗೆ ಸೋತ ಜೀವ.

ಚಳ್ಳಕೆರೆ, ಮೊಳಕಾಲ್ಮೂರು ರಾಜ್ಯದಲ್ಲೇ ಕಡಿಮೆ ಮಳೆಯ ತಾಲೂಕುಗಳು. ಮ್ಯಾಸನಾಯಕರು ದೇವರ ಎತ್ತುಗಳನ್ನು ಸಾಕುವ ಸೀಮೆ ಇದು. ಆ ಎತ್ತುಗಳನ್ನು ಉಳುಮೆಗೆ ಕಟ್ಟಲ್ಲ, ಮಾರಲ್ಲ. ಬರ ಬಂದರೆ ಮನೆ ಮಂದಿಗಿಂತ ಮೊದಲು ಅವುಗಳ ಮೇವಿನ ಚಿಂತೆ. ಇಂಥ ಊರಲ್ಲಿ ಬತ್ತಿದ ಬಾವಿಯನ್ನು ಯಾರಿಗೂ ವಿವರಿಸಬೇಕಿಲ್ಲ.

ನಮ್ಮ ಮನೆಯ ಉಳುಮೆಯ ಜೋಡಿಯನ್ನು ಒಂದು ಬರದ ವರ್ಷ ಮಾರಿದ್ದರು. ಅದರ ಬಗ್ಗೆ ಅಪ್ಪ ಯಾವತ್ತೂ ಬಾಯಿ ಬಿಟ್ಟವರಲ್ಲ. ಸಿನಿಮಾ ಮುಗಿದ ಮೇಲೆ ತುಂಬಾ ಹೊತ್ತು ಸುಮ್ಮನಿದ್ದು, ‘ಸಂತೆಯಿಂದ ಬರೀ ಹಗ್ಗ ಹಿಡ್ಕೊಂಡು ಬಂದೆ’ ಅಂದರು. ಆ ರಾತ್ರಿ ಎತ್ತುಗಳ ಕಥೆ ಪೂರ್ತಿ ಹೇಳಿದರು. ಕಾಲೇಜು ಫೀಸ್ ಎಲ್ಲಿಂದ ಬಂತು ಅಂತ ನನಗೆ ಗೊತ್ತಾಗಿದ್ದು ಆಗಲೇ.

ಹಾಗಂತ ನೀವು ಇದರಿಂದಲೇ ಶುರು ಮಾಡಬೇಕಿಲ್ಲ. ಇಲ್ಡಿಕೊ ಎನ್ಯೆಡಿ ಅವರ ‘ಆನ್ ಬಾಡಿ ಅಂಡ್ ಸೋಲ್’ ನೋಡಿ. ಕಸಾಯಿಖಾನೆಯಲ್ಲಿ ಕೆಲಸ ಮಾಡುವ ಇಬ್ಬರಿಗೆ ರಾತ್ರಿ ಒಂದೇ ಕನಸು ಬೀಳುವ ಪ್ರೇಮಕಥೆ. 2017ರ ಬರ್ಲಿನ್ ಚಿನ್ನದ ಕರಡಿ ಇದಕ್ಕೆ ಬಂತು. ಬೆಂಗಳೂರಲ್ಲಿದ್ದರೆ ನಮ್ಮದೇ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಡೆಲಿಗೇಟ್ ಪಾಸ್ ಮಾಡಿಸಿ. 1971ರಲ್ಲಿ ಶುರುವಾದ ಸುಚಿತ್ರಾ ಫಿಲ್ಮ್ ಸೊಸೈಟಿ ಕಡೆಗೂ ಒಮ್ಮೆ ಹೋಗಿ ಬನ್ನಿ.

ಮಂಡ್ಯ ಸೀಮೆಯ ಹಳ್ಳಿಯ ಜನರೇ ನಟಿಸಿದ ‘ತಿಥಿ’ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದಿತು. ನಮ್ಮ ಹಳ್ಳಿ ಅವರಿಗೆ ಅರ್ಥವಾಗುತ್ತೆ ಅಂದಮೇಲೆ, ಅವರ ಹಳ್ಳಿ ನಮಗೆ ಯಾಕೆ ಆಗಬಾರದು? ಮುಂದಿನ ಸಲ ಊರಿಗೆ ಹೋದಾಗ ಒಂದು ಸಿನಿಮಾ ಡೌನ್‌ಲೋಡ್ ಮಾಡ್ಕೊಂಡು ಹೋಗಿ. ಆದರೆ ಒಬ್ಬರೇ ಇಯರ್‌ಫೋನ್ ಹಾಕ್ಕೊಂಡು ನೋಡಬೇಡಿ.