ಕೊನೆಯನ್ನು ಮೊದಲೇ ಕಂಡವರು

'ಗೇಮ್ ಆಫ್ ಥ್ರೋನ್ಸ್' ಕಥೆಯ ಜಾನ್ ಸ್ನೋನ ಹೆತ್ತವರು ಯಾರು ಎಂಬ ಗುಟ್ಟನ್ನು ಕಿರುತೆರೆ ಬಿಚ್ಚಿಟ್ಟಿದ್ದು 2016ರ ಜೂನ್‌ನಲ್ಲಿ. ಓದುಗರು ಅದನ್ನು ಅಷ್ಟರಲ್ಲಾಗಲೇ ಹದಿನೈದಕ್ಕೂ ಹೆಚ್ಚು ವರ್ಷಗಳಿಂದ ಬಲ್ಲವರಾಗಿದ್ದರು. ಅಮೆರಿಕದ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ ವೆಸ್ಟರೋಸ್ ಎಂಬ ಕಲ್ಪಿತ ನಾಡಿನ ಸಿಂಹಾಸನ ಕಲಹವನ್ನು ಹೇಳುವ ಕಾದಂಬರಿ ಮಾಲೆಯನ್ನು 1996ರಲ್ಲಿ ಆರಂಭಿಸಿದರು. ಎಚ್‌ಬಿಒ ವಾಹಿನಿ ಅದನ್ನು 'ಗೇಮ್ ಆಫ್ ಥ್ರೋನ್ಸ್' ಎಂಬ ಹೆಸರಿನಲ್ಲಿ 2011ರಿಂದ 2019ರವರೆಗೆ ಎಂಟು ಸೀಸನ್, 73 ಕಂತುಗಳಲ್ಲಿ ತೆರೆಗೆ ತಂದಿತು. ಐದನೆಯ ಸಂಪುಟ 2011ರಲ್ಲಿ ಬಂತು. ಆರನೆಯದು ಬರುವ ಮೊದಲೇ ಧಾರಾವಾಹಿ ಪುಸ್ತಕಗಳನ್ನು ದಾಟಿ ಮುಂದೆ ಸಾಗಿತು. ಅಲ್ಲಿಂದಾಚೆಗೆ ಪುಸ್ತಕ ಓದಿದವರೂ ಓದದವರೂ ಒಂದೇ ಸಾಲಿನಲ್ಲಿ ನಿಂತರು. ಸಿಂಹಾಸನ ಯಾರಿಗೆ, ಸಾವು ಯಾರಿಗೆ ಎಂದು ಜಗತ್ತಿನ ಲಕ್ಷಾಂತರ ಜನ ವರ್ಷಗಟ್ಟಲೆ ಲೆಕ್ಕ ಹಾಕಿದರು. ಇದನ್ನು ಹೊತ್ತು ಹೋಗದವರ ಹರಟೆ ಎಂದು ತಳ್ಳಿಹಾಕುವವರಿದ್ದಾರೆ. ಕಥೆಯ ಸ್ವಾರಸ್ಯವನ್ನೇ ಕೊಲ್ಲುವ ಚಾಳಿ ಎನ್ನುವವರೂ ಇದ್ದಾರೆ. ಎರಡೂ ಮಾತು ಸರಿಯಲ್ಲ. ಊಹೆ ಎನ್ನುವುದು ಕಥೆಗೆ ಸಲ್ಲುವ ಅತ್ಯಂತ ಶ್ರದ್ಧೆಯ ಓದು. ಕೊನೆ ಮೊದಲೇ ಗೊತ್ತಾದರೆ ಕಥೆ ಕೆಡುವುದಿಲ್ಲ. ಕೊನೆಗೆ ತಕ್ಕ ಕಾರಣ ಸಿಗದೆ ಹೋದಾಗ ಕೆಡುತ್ತದೆ.

ಜಾನ್‌ನ ಗುಟ್ಟನ್ನು ಓದುಗರು ಹೇಗೆ ಒಡೆದರು ಎಂಬುದನ್ನೇ ನೋಡಿ. ಅವನು ನೆಡ್ ಸ್ಟಾರ್ಕ್ ಎಂಬ ಪ್ರಾಮಾಣಿಕ ಸರದಾರನ ಅಕ್ರಮ ಸಂತಾನವೆಂದು ಲೋಕ ನಂಬಿದೆ. ಆದರೆ ಮಾತಿಗೆ ತಪ್ಪದ ಈ ಮನುಷ್ಯ ಮಗುವಿನ ತಾಯಿಯ ವಿಷಯ ಬಂದಾಗಲೆಲ್ಲ ಬಾಯಿ ಮುಚ್ಚಿಕೊಳ್ಳುತ್ತಾನೆ. ಸಾಯುತ್ತಿದ್ದ ತಂಗಿ ಲಿಯಾನಾಳಿಗೆ ಕೊಟ್ಟ ಯಾವುದೋ ವಚನ ಅವನನ್ನು ಕಾಡುತ್ತಲೇ ಇರುತ್ತದೆ. ಆ ತಂಗಿಗೆ ರಾಜಕುಮಾರ ರೇಗಾರ್ ಟಾರ್ಗೇರಿಯನ್ ಒಮ್ಮೆ ನೀಲಿ ಗುಲಾಬಿಯ ಕಿರೀಟ ಕೊಟ್ಟಿದ್ದ. ಎರಡನೆಯ ಸಂಪುಟದಲ್ಲಿ ಹಿಮದ ಗೋಡೆಯ ಬಿರುಕಿನಲ್ಲಿ ಅರಳಿದ ನೀಲಿ ಹೂವಿನ ದರ್ಶನವೊಂದು ಬರುತ್ತದೆ. ಜಾನ್ ಕಾವಲಿರುವುದು ಹಿಮದ ಗೋಡೆಯ ಮೇಲೆಯೇ. ನೂರಾರು ಪುಟಗಳ ಅಂತರದಲ್ಲಿ ಚೆಲ್ಲಿದ್ದ ಈ ಕಾಳುಗಳನ್ನು ಆರಿಸಿ ಒಂದೆಡೆ ಕೂಡಿಟ್ಟವರು ಜಾನ್ ಲಿಯಾನಾ ಮತ್ತು ರೇಗಾರರ ಮಗನೆಂಬ ತೀರ್ಮಾನಕ್ಕೆ ಬಂದರು. ಧಾರಾವಾಹಿ ಮಾಡಲು ಅನುಮತಿ ಕೇಳಿ ಬಂದ ಡೇವಿಡ್ ಬೆನಿಯಾಫ್ ಮತ್ತು ಡಿ. ಬಿ. ವೈಸ್ ಅವರಿಗೆ ಮಾರ್ಟಿನ್ ಒಡ್ಡಿದ ಪರೀಕ್ಷೆಯೂ ಇದೇ: ಜಾನ್‌ನ ತಾಯಿ ಯಾರು? ಅವರ ಉತ್ತರ ಸರಿಯಾಗಿತ್ತು. ಸರಿಯಾಗಿ ಊಹಿಸಬಲ್ಲವರು ಸರಿಯಾಗಿ ಓದಿದ್ದಾರೆ ಎಂದು ಲೇಖಕರೇ ಬಗೆದಿದ್ದರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಗೊತ್ತಿದ್ದ ಉತ್ತರವೇ ತೆರೆಗೆ ಬಂದಾಗ ಪ್ರೇಕ್ಷಕರಿಗೆ ಬೇಸರವಾಯಿತೇ? ಇಲ್ಲ, ಆ ದೃಶ್ಯವನ್ನು ಸಂಭ್ರಮದಿಂದ ಬರಮಾಡಿಕೊಂಡರು. ಇದರ ಪಕ್ಕಕ್ಕೆ ಅದೇ ಸೀಸನ್‌ನ ಇನ್ನೊಂದು ಪ್ರಸಂಗವನ್ನು ಇಟ್ಟು ನೋಡಬೇಕು. ಹೋಡೋರ್ ಎಂಬ ದೈತ್ಯ ದೇಹದ ಮುಗ್ಧ ಸೇವಕ ಮೊದಲಿನಿಂದಲೂ 'ಹೋಡೋರ್' ಎಂಬ ಒಂದೇ ಪದ ಆಡುತ್ತಿದ್ದ. ಹುಡುಗ ಬ್ರಾನ್‌ನನ್ನು ಉಳಿಸಲು ಹೆಣಗಳ ದಂಡನ್ನು ಬಾಗಿಲಾಚೆ ತಡೆದು ನಿಂತು ಅವನು ಪ್ರಾಣ ಬಿಡುವಾಗ, 'ಬಾಗಿಲು ಹಿಡಿ' ಎಂಬರ್ಥದ ಇಂಗ್ಲಿಷ್ ಆಜ್ಞೆಯೇ ಸವೆದು ಅವನ ಹೆಸರಾಗಿತ್ತೆಂದು ತಿಳಿಯುತ್ತದೆ. ಇಪ್ಪತ್ತು ವರ್ಷ ಕಣ್ಣೆದುರಿಗಿದ್ದ ಈ ಸುಳಿವು ಬಹುತೇಕರಿಗೆ ಹೊಳೆದಿರಲಿಲ್ಲ. ಜನ ಅತ್ತರು, ಮೆಚ್ಚಿದರು. ಒಂದು ಎಲ್ಲರೂ ಊಹಿಸಿದ ಗುಟ್ಟು, ಇನ್ನೊಂದು ಬಹುತೇಕರು ಎಣಿಸದ ಗುಟ್ಟು. ಮೆಚ್ಚುಗೆ ಮಾತ್ರ ಎರಡಕ್ಕೂ ಸಂದಿತು. ಹಾಗಿದ್ದರೆ ಮೆಚ್ಚುಗೆಗೆ ಕಾರಣ ಅಚ್ಚರಿಯೊಂದೇ ಆಗಿರಲಾರದು. ಹಿಂದಿರುಗಿ ನೋಡಿದಾಗ ದಾರಿಯುದ್ದಕ್ಕೂ ಹೆಜ್ಜೆಗುರುತು ಕಾಣಬೇಕು. ಅದು ಎರಡು ಕಡೆಯೂ ಕಾಣುತ್ತಿತ್ತು.

2019ರ ಕೊನೆಯ ಸೀಸನ್ನನ್ನು ಈ ಒರೆಗಲ್ಲಿಗೆ ಹಚ್ಚಿದರೆ ಅದರ ದೋಷ ಸ್ಪಷ್ಟವಾಗುತ್ತದೆ. ದಾಸರನ್ನು ಬಿಡುಗಡೆ ಮಾಡಿದ ರಾಣಿ ಡೆನೇರಿಸ್ ಶರಣಾದ ರಾಜಧಾನಿಯನ್ನು ಡ್ರ್ಯಾಗನ್ ಬೆಂಕಿಯಿಂದ ಸುಟ್ಟಳು. ಅವಳು ಹೀಗಾದಾಳು ಎಂದು ಹಲವರು ಮೊದಲೇ ಹೇಳಿದ್ದರು. ಛಾವಣಿ ಕುಸಿದ ಸಿಂಹಾಸನದ ಸಭಾಂಗಣದಲ್ಲಿ ಬಿಳಿಯದೇನೋ ಉದುರುವ ದರ್ಶನ ಅವಳಿಗೆ 2012ರಲ್ಲೇ ಬಂದಿತ್ತು. ಅದು ಹಿಮವೋ ಬೂದಿಯೋ ಎಂದು ಏಳು ವರ್ಷ ಚರ್ಚೆ ನಡೆದಿತ್ತು. ಅವಳ ತಂದೆ ಜನರನ್ನು ಜೀವಂತ ಸುಡಿಸುತ್ತಿದ್ದ ಹುಚ್ಚು ದೊರೆ. ಸೋತು ಸೆರೆಸಿಕ್ಕರೂ ತಲೆಬಾಗದ ಇಬ್ಬರನ್ನು ಅವಳೇ ಸುಟ್ಟದ್ದನ್ನು ಏಳನೆಯ ಸೀಸನ್ ತೋರಿಸಿತ್ತು. ಊಹೆ ಫಲಿಸಿದರೂ ಜನ ಒಪ್ಪಲಿಲ್ಲ, ಏಕೆಂದರೆ ಆ ಪತನಕ್ಕೆ ಬೇಕಾದ ಕಾಲಾವಕಾಶವೇ ಸಿಗಲಿಲ್ಲ. ಮೊದಲ ಆರು ಸೀಸನ್‌ಗಳಿಗೆ ತಲಾ ಹತ್ತು ಕಂತುಗಳಿದ್ದವು. ಏಳನೆಯದಕ್ಕೆ ಏಳು, ಎಂಟನೆಯದಕ್ಕೆ ಕೇವಲ ಆರು. ಎಪ್ಪತ್ತು ಕಂತುಗಳಲ್ಲಿ ಕಟ್ಟಿದ ಸ್ವಭಾವ ಎರಡು ಕಂತುಗಳಲ್ಲಿ ಮಗುಚಿತು. ಇನ್ನು ಕೊನೆಗೆ ರಾಜನಾದ ಬ್ರಾನ್ ಹೆಚ್ಚಿನವರ ಎಣಿಕೆಯಲ್ಲೇ ಇರಲಿಲ್ಲ. ಐದನೆಯ ಸೀಸನ್‌ನಲ್ಲಿ ಅವನು ಒಮ್ಮೆಯೂ ಕಾಣಿಸಿಕೊಂಡಿಲ್ಲ. ಯಾವ ಒಡೆತನವೂ ತನಗೆ ಸಲ್ಲದೆಂದು ಏಳನೆಯದರಲ್ಲಿ ಅಕ್ಕನಿಗೆ ಅವನೇ ಹೇಳಿದ್ದ. ಹೀಗೆ ಊಹಿಸಿದ ತಿರುವೂ ಊಹಿಸದ ತಿರುವೂ ಒಂದೇ ಕಾರಣಕ್ಕೆ ಸೋತವು.

'ತಮ್ಮ ಊಹೆ ಸುಳ್ಳಾಯಿತೆಂಬ ಸಿಟ್ಟಿಗೆ ಜನ ಬೈದರು, ಅಷ್ಟೇ' ಎಂಬ ಆಕ್ಷೇಪಕ್ಕೆ ಡೆನೇರಿಸ್‌ಳ ಉದಾಹರಣೆಯೇ ಉತ್ತರ. ಅಲ್ಲಿ ಊಹೆ ನಿಜವಾಗಿಯೂ ಅತೃಪ್ತಿ ಉಳಿಯಿತು. ಊಹೆ ಸವಿಯನ್ನು ಕೆಡಿಸುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಕೊನೆ ಗೊತ್ತಾಗಬಾರದು ಎಂದು ಬಯಸುವವರ ಹಕ್ಕನ್ನು ಗೌರವಿಸಲೇಬೇಕು. ಕೇಳದವರ ಕಿವಿಗೆ ಗುಟ್ಟು ಸುರಿಯುವುದು ಸಭ್ಯತೆಯಲ್ಲ. ಆದರೆ ಗೊತ್ತಿದ್ದರೆ ರಸವೇ ಇಲ್ಲ ಎಂಬುದು ಅತಿಯಾದ ಮಾತು. ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರಿಬ್ಬರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಣ್ಣಕಥೆಗಳ ಕೊನೆಯನ್ನು ಮೊದಲೇ ತಿಳಿದು ಓದಿದವರು ಅವನ್ನು ತುಸು ಹೆಚ್ಚೇ ಮೆಚ್ಚಿದ್ದರು. ನಂತರದ ಕೆಲವು ಅಧ್ಯಯನಗಳಲ್ಲಿ ಬೇರೆ ಫಲಿತಾಂಶವೂ ಬಂದಿದೆ, ಆದ್ದರಿಂದ ಇದನ್ನೇ ಕೊನೆಯ ಮಾತೆನ್ನಲಾಗದು. ಆದರೂ ಗದಾಯುದ್ಧದಲ್ಲಿ ಕೌರವನ ತೊಡೆ ಮುರಿಯುತ್ತದೆಂದು ತಿಳಿದೇ ಯಕ್ಷಗಾನಕ್ಕೆ ಬಂದು ಬೆಳಗಿನವರೆಗೆ ಕೂರುವ ನಮ್ಮ ಪ್ರೇಕ್ಷಕರಿಗೆ ಈ ಮಾತು ಹೊಸದೇನಲ್ಲ. ಏನಾಗುತ್ತದೆ ಎಂಬ ಕುತೂಹಲ ತೀರಿದ ಮೇಲೂ ಹೇಗಾಗುತ್ತದೆ ಎಂಬ ಕುತೂಹಲ ಉಳಿಯುತ್ತದೆ.

ಮೂರನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಕಥೆ ಬರೆಯುವವರದು, ನೋಡುಗರು ಹೇಳಿದಂತೆ ಅದು ಕುಣಿಯಬೇಕೇ? ಖಂಡಿತ ಕುಣಿಯಬಾರದು. ಕೊನೆಯ ಸೀಸನ್ನನ್ನು ಹೊಸದಾಗಿ ಮಾಡಿಕೊಡಿ ಎಂಬ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಆ ಬೇಡಿಕೆ ತಪ್ಪು. ಕೃತಿಯನ್ನು ಟೀಕಿಸುವುದು ನೋಡುಗರ ಹಕ್ಕು, ಬದಲಿಸಿ ಬರೆಸುವುದಲ್ಲ. ಆದರೆ ಊಹಿಸಿದವರಿಗೆ ಚಳ್ಳೆಹಣ್ಣು ತಿನ್ನಿಸಲೆಂದೇ ಕಥೆಯ ದಿಕ್ಕು ತಿರುಗಿಸುವುದೂ ಜನರ ತಾಳಕ್ಕೆ ಕುಣಿದಂತೆಯೇ, ತಾಳ ಉಲ್ಟಾ ಅಷ್ಟೇ. ಮಾರ್ಟಿನ್ ಈ ಬಲೆಯನ್ನು ಗುರುತಿಸಿದ್ದರು. ಯಾರೋ ಸರಿಯಾಗಿ ಊಹಿಸಿದರೆಂದು ಕೊನೆಯನ್ನು ಬದಲಿಸಿದರೆ ಅಲ್ಲಿಯವರೆಗೆ ಬಿತ್ತಿದ ಸುಳಿವುಗಳೆಲ್ಲ ಸುಳ್ಳಾಗುತ್ತವೆ, ಹಾಗಾಗಿ ಬದಲಿಸುವುದಿಲ್ಲ ಎಂಬರ್ಥದಲ್ಲಿ ಅವರು ಬಹಿರಂಗವಾಗಿ ಹೇಳಿದ್ದಾರೆ. ಬರೆಯುವವರ ಸ್ವಾತಂತ್ರ್ಯಕ್ಕೂ ಓದುವವರ ನಂಬಿಕೆಗೂ ಏಕಕಾಲದಲ್ಲಿ ನ್ಯಾಯ ಸಲ್ಲಿಸುವ ನಿಲುವು ಇದು.

ಧಾರಾವಾಹಿಯ ಕೊನೆಯ ಕಂತನ್ನು ಅಮೆರಿಕದಲ್ಲಿ ಆ ಒಂದೇ ರಾತ್ರಿ ಸುಮಾರು 1.93 ಕೋಟಿ ಜನ ನೋಡಿದರು. ಆ ವರ್ಷದ ಅತ್ಯುತ್ತಮ ನಾಟಕ ಸರಣಿಯ ಎಮಿ ಪ್ರಶಸ್ತಿಯೂ ಅದಕ್ಕೇ ಬಂತು. ಅಂದರೆ ಜನ ಮುನಿಸಿಕೊಂಡು ಎದ್ದು ಹೋಗಿರಲಿಲ್ಲ, ಕೊನೆಯವರೆಗೂ ಕಾದು ಕುಳಿತಿದ್ದರು. ನೋಡುಗರು ಊಹಿಸುತ್ತಾರೆಂದರೆ ಕಥೆಯಲ್ಲಿ ಒಂದು ನ್ಯಾಯವಿದೆ, ಇಂದಿನ ಮಾತಿಗೆ ನಾಳೆ ಬೆಲೆಯಿದೆ ಎಂದು ನಂಬಿದ್ದಾರೆ ಎಂದೇ ಅರ್ಥ. ಆದ್ದರಿಂದ ನೀವು ನೋಡುತ್ತಿರುವ ಧಾರಾವಾಹಿಯ ಕೊನೆಯನ್ನು ಧೈರ್ಯವಾಗಿ ಊಹಿಸಿ. ಅದು ಮುಗಿದ ಮೇಲೆ ನಿಮ್ಮ ಊಹೆ ಗೆದ್ದಿತೇ ಎಂದು ಲೆಕ್ಕ ಹಾಕಬೇಡಿ. ಬಂದ ಕೊನೆಗೆ ಹಿಂದಿನ ಕಂತುಗಳು ಸಾಕ್ಷಿ ನುಡಿಯುತ್ತವೆಯೇ ಎಂದು ನೋಡಿ. ಕಥೆಯನ್ನು ಅಳೆಯಲು ಅದೇ ಸರಿಯಾದ ಅಳತೆಗೋಲು.